ಇಪ್ಪತ್ತೊಂಬತ್ತನೆಯ ಬೇರಿಂಗ್

ಅವರು ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಎದುರಿನವರು ಕೈ ಚಾಚಿದರೆ ತಮ್ಮ ಮಣಿಕಟ್ಟನ್ನು ಮುಂದೆ ಒಡ್ಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿದ್ದೆ. ಕಾರ್ಮಿಕರ ಜೊತೆ ಸಲಿಗೆಯಿಂದ ಇರಬೇಕು ಎಂದು ಯಾವುದೋ ತರಬೇತಿಯಲ್ಲಿ ಹೇಳಿಕೊಟ್ಟಿದ್ದರಿಂದ ಸಲಿಗೆಯಿಂದಲೇ ಕೈ ಚಾಚಿದೆ. ಮಣಿಕಟ್ಟು ಬಂತು. ಏನು ಮಾಡುವುದೆಂದು ತಿಳಿಯದೆ ಅದನ್ನೇ ಹಿಡಿದುಕೊಂಡು ನಾಡಿ ನೋಡುವ ಪಂಡಿತನ ಹಾಗೆ ನಿಂತೆ.

“ಕೈಯೆಲ್ಲ ಗ್ರೀಸು ಸಾರ್. ನಿಮ್ಮಂಗಿ ಕೆಟ್ಟೋಯ್ತದೆ,” ಎಂದರು.

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಅದು ಮೈಸೂರಿನ ಅಂಚಿನಲ್ಲಿದ್ದ ಒಂದು ಬಿಯರ್ ಕಾರ್ಖಾನೆ. ನಾನು ಬಾಟಲಿ ತುಂಬುವ ವಿಭಾಗದ ನಿರ್ವಹಣೆ ನೋಡಿಕೊಳ್ಳುವ ಇಂಜಿನಿಯರ್. ಅವರು ಅದೇ ವಿಭಾಗದಲ್ಲಿ ಯಂತ್ರಗಳಿಗೆ ಗ್ರೀಸ್ ಹಾಕುವವರು. ಖಾಲಿ ಬಾಟಲಿಯನ್ನು ತೊಳೆದು, ತುಂಬಿ, ಮುಚ್ಚಳ ಒತ್ತಿ, ಲೇಬಲ್ ಅಂಟಿಸಿ ಕ್ರೇಟಿಗೆ ಇಳಿಸುವವರೆಗೆ ದಾರಿಯಲ್ಲಿ ತಿರುಗುವ ಚಕ್ರ, ಉರುಳೆ, ಸರಪಳಿ ಎಷ್ಟಿದ್ದವೋ ಅಷ್ಟಕ್ಕೂ ಅವರದೇ ಆರೈಕೆ. ಕಳೆದ ತಿಂಗಳು ಅವರು ತೀರಿಕೊಂಡರು. ಅವರ ಬಗ್ಗೆ ಬರೆಯಬೇಕು ಅನ್ನಿಸಿದ್ದು ದುಃಖದಿಂದಷ್ಟೇ ಅಲ್ಲ. ದುಃಖಕ್ಕಿಂತ ನಾಚಿಕೆಯ ಪಾಲು ಹೆಚ್ಚಿದೆ.

ಎಲ್ಲರೂ ಅವರನ್ನು ಅಯ್ನೋರು ಎಂದು ಕರೆಯುತ್ತಿದ್ದರು. ನಜರ್‌ಬಾದಿನ ಹಳೆಯ ಲಿಂಗಾಯತ ಮನೆತನ, ಮಠದ ಒಡನಾಟ. ಕಂಪನಿಯ ನೀಲಿ ಅಂಗಿಯೊಳಗೆ ಲಿಂಗದ ಕರಡಿಗೆ, ಹಣೆಯ ಮೇಲೆ ಮಧ್ಯಾಹ್ನದವರೆಗೂ ಅಳಿಯದ ವಿಭೂತಿ. ದಿನಕ್ಕೆ ಸಾವಿರಾರು ಬಾಟಲಿ ಬಿಯರ್ ಅವರ ಮೂಗಿನ ಮುಂದೆ ಹಾದು ಹೋಗುತ್ತಿತ್ತು. ಅವರು ಒಂದು ಹನಿಯನ್ನೂ ಬಾಯಿಗೆ ತಾಗಿಸಿದವರಲ್ಲ. ಒಮ್ಮೆ ಮಠದಲ್ಲಿ ಸ್ವಾಮಿಗಳು ಎಲ್ಲಿ ಕೆಲಸ ಎಂದು ಕೇಳಿದರಂತೆ.

“ಬಾಟ್ಲಿ ತುಂಬೋ ಕಂಪ್ನಿ ಬುದ್ಧಿ.”

“ಏನು ತುಂಬ್ತಾರಪ್ಪ?”

“ತುಂಬೋರು ಬ್ಯಾರೆಯೋರು ಬುದ್ಧಿ. ನಂದು ಬರೀ ಗ್ರೀಸು.”

ಈ ಕಥೆಯನ್ನು ಅವರೇ ಕಂಪನಿ ಬಸ್ಸಿನಲ್ಲಿ ಹೇಳಿ, ತಾವು ಮಾತ್ರ ನಗದೆ ಕಿಟಕಿಯ ಕಡೆ ನೋಡುತ್ತಿದ್ದರು.

ಕೆಲಸದಲ್ಲಿ ಅವರದು ಒಂದು ಕ್ರಮವಿತ್ತು. ಬೇರಿಂಗಿನ ಹೊರಕವಚದ ಮೇಲೆ ಕೈ ಇಟ್ಟು ಕಾವು ನೋಡುವರು. ಅಂಗೈ ಅಲ್ಲ, ಕೈಯ ಹಿಂಬದಿ. ಯಾಕೆಂದು ಕೇಳಿದ್ದಕ್ಕೆ, “ಅಂಗೈ ಗಡಸಾಗೋಗೈತೆ ಸಾರ್, ಅದು ಸುಳ್ಳು ಹೇಳ್ತದೆ. ಹಿಂದ್ಗಡೆ ಚರ್ಮ ಇನ್ನೂ ಮಗೀನಂಗೈತೆ,” ಎಂದರು. ಗ್ರೀಸ್ ಗನ್ನಿನ ಮೂತಿ ಇಡುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ ಬನಿಯನ್ ವೇಸ್ಟಿನ ಚಿಂದಿಯಿಂದ ಆ ಜಾಗವನ್ನು ಒರೆಸುವರು. ಹೆಚ್ಚು ಗ್ರೀಸ್ ತುಂಬಿದರೆ ಹೆಚ್ಚು ಒಳ್ಳೆಯದು ಎಂದು ನಂಬಿದ್ದ ಹೊಸಬರಿಗೆ ಅವರ ಬುದ್ಧಿವಾದ ಒಂದೇ: “ಎಮ್ಮೆಗೆ ಹಿಂಡಿ ಜಾಸ್ತಿಯಾದ್ರೂ ಹೊಟ್ಟೆ ಉಬ್ಬರ. ಬೇರಿಂಗ್‌ಗೂ ಅಷ್ಟೇ ಕಣಪ್ಪ.” ಯಾರಿಗಾದರೂ ಮೈ ಬಿಸಿಯಾಗಿದೆ ಅನ್ನಿಸಿದರೆ ನಮ್ಮ ವಿಭಾಗದಲ್ಲಿ ಔಷಧಿಪೆಟ್ಟಿಗೆ ಹುಡುಕುತ್ತಿರಲಿಲ್ಲ. ಅಯ್ನೋರ ಮುಂದೆ ಹೋಗಿ ಹಣೆ ಬಗ್ಗಿಸುತ್ತಿದ್ದರು. ಅವರು ಕೈಯ ಹಿಂಬದಿ ಇಟ್ಟು, “ಮನೆಗೆ ಹೋಗು” ಅಥವಾ “ನಾಟಕ ಸಾಕು” ಎಂದು ತೀರ್ಪು ಕೊಡುವರು. ಮೇಲ್ಮನವಿಗೆ ಅವಕಾಶ ಇರಲಿಲ್ಲ.

ನನ್ನ ಹಣೆಯನ್ನು ಅವರು ಮುಟ್ಟಿ ನೋಡಿದ್ದರೆ ಒಳಗೆ ಎಷ್ಟು ಗಾಳಿ ತುಂಬಿದೆ ಎಂಬುದೂ ತಿಳಿದುಬಿಡುತ್ತಿತ್ತೇನೋ. ಸ್ವಯಂಚಾಲಿತವಾಗಿ ಗ್ರೀಸ್ ಹಾಕುವ ವ್ಯವಸ್ಥೆಯ ಬಗ್ಗೆ ಮೂರು ವಾರದ ತರಬೇತಿಗೆ ಕಂಪನಿ ನನ್ನನ್ನು ಪುಣೆಗೆ ಕಳಿಸಿತ್ತು. ಹೋಗುವಾಗ ಇಂಜಿನಿಯರ್ ಆಗಿದ್ದವನು ಬರುವಾಗ ಋಷಿಯಾಗಿ ಬಂದೆ. ಒಂದು ಪಂಪು, ಅದರಿಂದ ಹೊರಟ ಸಣ್ಣ ಸಣ್ಣ ಕೊಳವೆಗಳು, ಪ್ರತಿ ಬೇರಿಂಗಿಗೂ ಹೊತ್ತುಹೊತ್ತಿಗೆ ಚಿಟಿಕೆಯಷ್ಟು ಗ್ರೀಸ್. ಕೊಳವೆ ಕಟ್ಟಿಕೊಂಡರೆ ಕೆಂಪು ದೀಪ, ಎಲ್ಲ ಸರಿಯಿದ್ದರೆ ಹಸಿರು ದೀಪ. ಇದನ್ನು ಕ್ಯಾಂಟೀನಿನಲ್ಲಿ ವಿವರಿಸಿದೆ, ಬಸ್ಸಿನಲ್ಲಿ ವಿವರಿಸಿದೆ, ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಮೊದಲು ನಮ್ಮ ಗೇಟಿಗೆ ಒಂದು ತೊಟ್ಟು ಎಣ್ಣೆ ಬಿಡಿ. ತೆಗೆದರೆ ಇಡೀ ಬೀದಿ ಎದ್ದು ಕೂರುತ್ತೆ,” ಎಂದಳು. ಅದೇ ವಾರ ಕಾರ್ಖಾನೆಯ ಪಾರ್ಕಿಂಗಿನಲ್ಲಿ ಅಯ್ನೋರು ನನ್ನ ಬೈಕನ್ನು ದಾಟಿ ಹೋಗುತ್ತ, “ಚೈನ್ ಒಣಗೋಗೈತೆ ಸಾರ್,” ಎಂದು ಮೆಲ್ಲಗೆ ಹೇಳಿದ್ದರು. ಇಂಥವನ ಕೈಗೆ ಕಂಪನಿ ಇಡೀ ಬಾಟಲಿ ಲೈನನ್ನು ಕೊಟ್ಟಿತ್ತು.

ಹೊಸ ವ್ಯವಸ್ಥೆಯನ್ನು ಮೊದಲು ಹಾಕಬೇಕಾದದ್ದು ಫಿಲ್ಲರ್‌ಗೆ, ಅಂದರೆ ಬಾಟಲಿಗೆ ಬಿಯರ್ ತುಂಬುವ ಯಂತ್ರಕ್ಕೆ. ಅದು ನಿಂತರೆ ಹಿಂದೆ ಮುಂದೆ ಎಲ್ಲವೂ ನಿಲ್ಲುತ್ತದೆ. ನಾನು ಯಂತ್ರ ತಯಾರಿಸಿದವರ ನಕ್ಷೆಯನ್ನು ಹರಡಿಕೊಂಡು ಗ್ರೀಸ್ ಬೇಕಾದ ಜಾಗಗಳನ್ನು ಎಣಿಸಿದೆ. ಇಪ್ಪತ್ತೆಂಟು ಬಂತು. ನಲವತ್ತು ಸ್ಲೈಡ್ ಮಾಡಿಕೊಂಡು ಮ್ಯಾನೇಜರ ಕೋಣೆಯಲ್ಲಿ ಸಭೆ ಕರೆದೆ. ಮೇಲ್ವಿಚಾರಕರು, ಆಪರೇಟರುಗಳು ಎಲ್ಲ ಬಂದಿದ್ದರು. ಕೊನೆಗೆ ಮ್ಯಾನೇಜರ್, “ಅಯ್ನೋರೇ, ನಿಮಗೇನಾದ್ರೂ ಹೇಳೋದಿದೆಯಾ?” ಎಂದು ಕೇಳಿದರು.

ಅವರು ಎದ್ದು ನಿಂತು ಕೈ ಹಿಂದೆ ಕಟ್ಟಿಕೊಂಡರು.

“ಸಾಹೇಬ್ರು ಇಪ್ಪತ್ತೆಂಟು ಅಂದ್ರು. ಇಪ್ಪತ್ತೊಂಬತ್ತು ಐತೆ ಸಾರ್.”

“ನಕ್ಷೆಯಲ್ಲಿರೋದು ಇಪ್ಪತ್ತೆಂಟೇ,” ಎಂದೆ ನಾನು. “ಯಂತ್ರ ಮಾಡಿದವರಿಗಿಂತ ನಮಗೆ ಜಾಸ್ತಿ ಗೊತ್ತಾ?”

“ಗೊತ್ತಿಲ್ಲ ಸಾರ್. ದಿನಾ ಹಾಕ್ತೀನಲ್ಲ, ಅದ್ಕೆ ಅಂದೆ.”

ಆಗಲೇ ನನಗೆ ಒಂದು ಹಾಸ್ಯ ಹೊಳೆಯಿತು. ಹೊಳೆದದ್ದನ್ನು ನುಂಗಿಕೊಳ್ಳುವ ಅಭ್ಯಾಸ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. “ಹಾಗಾದ್ರೆ ಇಪ್ಪತ್ತೊಂಬತ್ತನೇದು ನೀವೇ ಇರಬೇಕು ಅಯ್ನೋರೇ!” ಎಂದೆ. ಕೋಣೆಯಲ್ಲಿ ನಗುವೋ ನಗು. ಮ್ಯಾನೇಜರೂ ನಕ್ಕರು. ಅಯ್ನೋರೂ ಸ್ವಲ್ಪ ನಕ್ಕು ಕುಳಿತರು. ನಾನು ಮುಂದಿನ ಸ್ಲೈಡಿಗೆ ಹೋದೆ.

ಸಭೆ ಮುಗಿದ ಮೇಲೆ ಅವರ ಜೊತೆ ಐವತ್ತು ಹೆಜ್ಜೆ ನಡೆದು, ಎಲ್ಲಿ ತೋರಿಸಿ ಎಂದು ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ನಕ್ಷೆ ಓದಲು ಬರುವವನಿಗೆ ಬಗ್ಗಿ ನೋಡುವ ಅಗತ್ಯ ಇರುವುದಿಲ್ಲವಲ್ಲ.

ವ್ಯವಸ್ಥೆ ಬಂತು. ತೆಂಗಿನಕಾಯಿ ಒಡೆದು ಗುಂಡಿ ಒತ್ತಿದೆವು. ಹಸಿರು ದೀಪ ಹತ್ತಿತು. ಆಮೇಲೆ ಅದು ಆರಲೇ ಇಲ್ಲ. ಆರು ತಿಂಗಳ ಕೊನೆಗೆ ನಾನು ಒಂದು ವರದಿ ಬರೆದೆ. ಯಂತ್ರ ಬೇರಿಂಗಿನ ಕಾರಣಕ್ಕೆ ಒಂದು ಸಲವೂ ನಿಂತಿಲ್ಲ ಎಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಹಾಕಿದೆ. ಕೊನೆಯ ಪುಟದಲ್ಲಿ ಇನ್ನೊಂದು ಸಾಲೂ ಇತ್ತು: ಕೈಯಿಂದ ಗ್ರೀಸ್ ಹಾಕುವ ಹುದ್ದೆಯ ಅಗತ್ಯ ಇನ್ನು ಮುಂದೆ ಇರುವುದಿಲ್ಲ. ಬರೆಯುವಾಗ ಅದು ಒಬ್ಬ ಮನುಷ್ಯನ ಬಗ್ಗೆ ಬರೆದ ಸಾಲು ಎಂದು ನನಗೆ ಅನ್ನಿಸಲೇ ಇಲ್ಲ. ವರದಿಗೆ ಪ್ರಶಸ್ತಿಪತ್ರ ಬಂತು. ಅಯ್ನೋರಿಗೆ ವರ್ಗಾವಣೆ ಆದೇಶ ಬಂತು.

ಅವರನ್ನು ಹಾಕಿದ್ದು ಹಿಂದಿನ ಯಾರ್ಡಿಗೆ. ಊರೂರಿನ ಅಂಗಡಿಗಳಿಂದ ಲಾರಿಯಲ್ಲಿ ವಾಪಸು ಬರುವ ಖಾಲಿ ಬಾಟಲಿಗಳಲ್ಲಿ ಅಂಚು ಒಡೆದದ್ದನ್ನು ಬೇರೆ ಮಾಡುವ ಕೆಲಸ. ಮೇಲೆ ಕಾದ ಶೀಟು, ಬಾಟಲಿಗಳೊಳಗೆ ಬೀಡಿ ತುಂಡು, ಮಣ್ಣು, ಸತ್ತ ಜಿರಳೆ. ಎಲ್ಲಕ್ಕಿಂತ ಹೆಚ್ಚಾಗಿ ಹಳಸಿದ ಬಿಯರಿನ ನಾತ. ಒಂದು ಹನಿಯನ್ನೂ ಮುಟ್ಟದ ಮನುಷ್ಯನಿಗೆ ನಿವೃತ್ತಿಯ ಹತ್ತಿರದಲ್ಲಿ ನಾನು ಕೊಡಿಸಿದ ಜಾಗ ಅದು. ಮನೆಗೆ ಹೋದವರು ಎರಡೆರಡು ಸಲ ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂರುತ್ತಾರಂತೆ ಎಂದು ಯಾರೋ ಹೇಳಿದರು. ಒಂದು ದಿನ ದಾರಿಯಲ್ಲಿ ಸಿಕ್ಕಾಗ, “ಬೇಜಾರು ಮಾಡ್ಕೋಬೇಡಿ ಅಯ್ನೋರೇ, ಎಲ್ಲ ಕಂಪನಿ ನಿರ್ಧಾರ,” ಎಂದೆ.

“ಬುಡಿ ಸಾರ್. ಬಾಟ್ಲಿನೂ ನಮ್ದೇಯ,” ಎಂದು ಅವರು ಮುಂದೆ ಹೋದರು.

ಹೀಗೆ ಎರಡು ವರ್ಷ ಕಳೆಯಿತು. ನನ್ನನ್ನು ಬೇರೆ ಕಾರ್ಖಾನೆಗಳಿಗೂ ಭಾಷಣಕ್ಕೆ ಕರೆಯುತ್ತಿದ್ದರು. ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ ಎಂಬುದು ನನ್ನ ಭಾಷಣದ ಮೊದಲ ಸಾಲು. ಚಪ್ಪಾಳೆ ಬೀಳುತ್ತಿತ್ತು.

ಆಮೇಲೊಮ್ಮೆ ಅಯ್ನೋರ ಮಗಳಿಗೆ ಚಾಮರಾಜನಗರದಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ನಾಲ್ಕು ದಿನಕ್ಕೆಂದು ರಜೆ ಹಾಕಿ ಹೋದವರು ಮೂರು ವಾರ ಉಳಿದರು. ಆ ಮೂರನೆಯ ವಾರದಲ್ಲಿ ಫಿಲ್ಲರಿನಿಂದ ಒಂದು ಸದ್ದು ಹೊರಟಿತು. ಮೊದಲ ದಿನ ಇಲಿಮರಿಯಂತೆ ಕೀಚ್ ಎಂದಿತು. ಎರಡನೆಯ ದಿನಕ್ಕೆ ನಮ್ಮ ಮನೆಯ ಗೇಟಿನ ಹಾಗಾಯಿತು. ನಾನು ಓಡಿ ಹೋಗಿ ದೀಪ ನೋಡಿದೆ. ಹಸಿರು. ಪಂಪು ನೋಡಿದೆ, ಸರಿಯಿತ್ತು. ಇಪ್ಪತ್ತೆಂಟು ಕೊಳವೆಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಿದೆ, ಎಲ್ಲದರಲ್ಲೂ ಗ್ರೀಸ್ ಬರುತ್ತಿತ್ತು. ಬಾಟಲಿ ಸಲೀಸಾಗಿ ಸಾಗಲೆಂದು ಸರಪಳಿಗೆ ಚಿಮುಕಿಸುವ ಸೋಪಿನ ನೀರನ್ನು ಬೈದೆ. ಬಾಟಲಿಗಳನ್ನು ಬೈದೆ. ಪುಣೆಗೆ ಫೋನ್ ಮಾಡಿದೆ. ಅಲ್ಲಿಯವರು ದೀಪ ಯಾವ ಬಣ್ಣದ್ದಿದೆ ಎಂದು ಕೇಳಿದರು. ಹಸಿರು ಎಂದೆ. ಹಾಗಾದರೆ ತೊಂದರೆಯೇ ಇಲ್ಲವಲ್ಲ ಎಂದರು. ನಾನು ಎರಡು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದ ಉತ್ತರವೇ ಅದು. ಅಷ್ಟು ಕೋಪ ಬರಿಸುವ ಉತ್ತರ ಎಂದು ಅಂದೇ ತಿಳಿದದ್ದು.

ನಾಲ್ಕನೆಯ ದಿನ ಬೆಳಿಗ್ಗೆ ಅಯ್ನೋರು ರಜೆ ಮುಗಿಸಿ ಬಂದರು. ಯಾರ್ಡಿಗೆ ಹೋಗುವ ದಾರಿ ನಮ್ಮ ವಿಭಾಗದ ಬಾಗಿಲ ಮುಂದೆಯೇ ಹಾಯುತ್ತದೆ. ಬಾಗಿಲಲ್ಲಿ ಒಂದು ಗಳಿಗೆ ನಿಂತು ಕೇಳಿಸಿಕೊಂಡರು. ನನಗೆ ನಮಸ್ಕಾರ ಹೇಳಲಿಲ್ಲ, ಊಟದ ಚೀಲವನ್ನೂ ಕೆಳಗಿಡಲಿಲ್ಲ. ನೇರ ತಮ್ಮ ಹಳೆಯ ಲಾಕರಿಗೆ ಹೋಗಿ ಗ್ರೀಸ್ ಗನ್ ತಂದು, “ನಿಲ್ಸಪ್ಪ ಒಂದ್ನಿಮ್ಸ,” ಎಂದು ಆಪರೇಟರಿಗೆ ಹೇಳಿದರು. ಮೂರು ದಿನದಿಂದ ನಾನು ಹೇಳಿದರೆ ಹತ್ತು ಪ್ರಶ್ನೆ ಕೇಳುತ್ತಿದ್ದ ಆಪರೇಟರ್ ತಕ್ಷಣ ಲೈನ್ ನಿಲ್ಲಿಸಿದ. ಅವರು ಆಗ ಚೀಲ ಪಕ್ಕಕ್ಕಿಟ್ಟು, ಸೋಪಿನ ನೀರು ಹರಿಯುತ್ತಿದ್ದ ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿ, ಯಂತ್ರದ ಮೇಜಿನ ಅಡಿಯಲ್ಲಿದ್ದ ಒಂದು ಸಣ್ಣ ಕಿಂಡಿಯೊಳಗೆ ತೋಳನ್ನು ಭುಜದವರೆಗೂ ತೂರಿಸಿದರು. ಮೊದಲು ಒರೆಸಿದರು. ಮೂರು ಸಲ ಒತ್ತಿದರು. ಮತ್ತೆ ಒರೆಸಿದರು.

ಯಂತ್ರ ಶುರುವಾಯಿತು. ಸದ್ದು ಸ್ವಲ್ಪ ಹೊತ್ತು ಗೊಣಗಿ ಅಡಗಿತು.

ನಾನು ಬಗ್ಗಿ ನೋಡಿದೆ. ನಾನು ಕೆಲಸಕ್ಕೆ ಸೇರುವ ಮೊದಲೇ ಯಾವಾಗಲೋ ಆ ಮೇಜು ಮುರಿದು, ಊರಿನ ವರ್ಕ್‌ಶಾಪಿನಲ್ಲಿ ಅದನ್ನು ಮತ್ತೆ ಕಟ್ಟಿಸಿದ್ದರಂತೆ. ಆಗ ಆಧಾರಕ್ಕೆಂದು ಅಡಿಯಲ್ಲಿ ಒಂದು ಹಲ್ಲಿನ ಚಕ್ರವನ್ನೂ ಅದಕ್ಕೊಂದು ಬೇರಿಂಗನ್ನೂ ಸೇರಿಸಿದ್ದರು. ಎಲ್ಲೋ ಕೂತು ಯಂತ್ರ ತಯಾರಿಸಿದವರ ನಕ್ಷೆಗೆ ನಮ್ಮ ವರ್ಕ್‌ಶಾಪಿನ ಸಮಾಚಾರ ಹೇಗೆ ಗೊತ್ತಾಗಬೇಕು? ನನ್ನ ಹಸಿರು ದೀಪಕ್ಕೂ ಅಷ್ಟೇ. ಅದು ತನಗೆ ಜೋಡಿಸಿದ ಇಪ್ಪತ್ತೆಂಟರ ಬಗ್ಗೆ ಮಾತ್ರ ಹೇಳುತ್ತಿತ್ತು.

“ಎಷ್ಟು ದಿನದಿಂದ ಹಾಕ್ತಿದ್ದೀರಿ?” ಎಂದು ಕೇಳಿದೆ.

“ನಿಮ್ ಪಂಪು ಶುರುವಾದಾಗಿಂದ ಸಾರ್. ಸೋಮವಾರ ಸೋಮವಾರ, ಸಿಫ್ಟಿಗೆ ಮುಂಚೆ.”

ಆಪರೇಟರ್ ಕಡೆ ತಿರುಗಿದೆ. “ನಿನಗೆ ಗೊತ್ತಿತ್ತೇನೋ?”

“ಮಿಷಿನ್ ಹಿಂದೆಯಿಂದ ಎದ್ದು ಬರೋರು ಸಾರ್. ಪೂಜೆ ಮಾಡ್ತಾರೇನೋ ಅಂದ್ಕಂಡಿದ್ದೆ.”

“ಎರಡು ವರ್ಷ! ನನಗೊಂದು ಮಾತು ಹೇಳಬಾರದಿತ್ತಾ ಅಯ್ನೋರೇ?”

“ಹೇಳಿದ್ನಲ್ಲ ಸಾರ್, ಮೀಟಿಂಗ್‌ನಲ್ಲಿ.”

ಅವರು ಅಂಗಿಯ ತೋಳನ್ನು ಹಿಂಡುತ್ತಿದ್ದರು. ನನ್ನ ಮೇಲೆ ಸಿಟ್ಟು ಬರಲಿಲ್ಲವಾ, ಸುಮ್ಮನೆ ಬಿಟ್ಟುಬಿಡಬಹುದಿತ್ತಲ್ಲ ಎಂದು ಕೇಳಿದೆ.

“ನಿಮ್ಮೇಲೆ ಕ್ವಾಪ ಇತ್ತು ಸಾರ್. ಇಲ್ಲ ಅನ್ನಲ್ಲ,” ಎಂದರು. “ಬೇರಿಂಗ್ ಏನ್ ಮಾಡಿತ್ತು?”

ಆಮೇಲೆ ಊಟದ ಚೀಲ ಎತ್ತಿಕೊಂಡು ಯಾರ್ಡಿಗೆ ಹೋದರು.

ನಾನು ಆಗಲೇ ಮ್ಯಾನೇಜರ ಕೋಣೆಗೆ ಹೊರಟೆ. ಎಲ್ಲವನ್ನೂ ಒಪ್ಪಿಕೊಂಡು ಅವರನ್ನು ಲೈನಿಗೆ ವಾಪಸು ಕರೆಸಿಕೊಳ್ಳಬೇಕು, ಉಳಿದ ಎರಡು ವರ್ಷವನ್ನಾದರೂ ಅವರು ತಮ್ಮ ಯಂತ್ರಗಳ ಜೊತೆ ಕಳೆಯಬೇಕು ಎಂದು ನಿಜವಾಗಿಯೂ ಅಂದುಕೊಂಡಿದ್ದೆ. ಹೊರಟಾಗ ನನ್ನ ಬಾಯಲ್ಲಿದ್ದ ಮಾತು, ನಾನು ತಪ್ಪು ಮಾಡಿದ್ದೇನೆ ಎಂಬುದು. ಮೆಟ್ಟಿಲು ಹತ್ತುವಾಗ ಅದು ಒಂದು ತಪ್ಪಾಗಿದೆ ಎಂದಾಯಿತು. ಮೇಲಿನ ಪಡಸಾಲೆಯಲ್ಲಿ ಒಂದು ಕೊರತೆ ಕಂಡುಬಂದಿದೆ ಎಂದಾಯಿತು. ಬಾಗಿಲು ತಟ್ಟಿ ಒಳಗೆ ಹೋಗಿ ನಾನು ಹೇಳಿದ್ದು ಇಷ್ಟು: “ಸಾರ್, ನಮ್ಮ ಗ್ರೀಸ್ ವ್ಯವಸ್ಥೆಯನ್ನು ಇನ್ನೂ ಉತ್ತಮಪಡಿಸೋ ಅವಕಾಶ ಒಂದು ಕಂಡುಹಿಡಿದಿದ್ದೀನಿ.”

ಮ್ಯಾನೇಜರಿಗೆ ಬಹಳ ಸಂತೋಷವಾಯಿತು. ಹದಿನೈದು ದಿನದಲ್ಲಿ ಆ ಕಿಂಡಿಯೊಳಗೂ ಒಂದು ಕೊಳವೆ ಹೋಯಿತು. ಎರಡನೆಯ ಹಂತ ಎಂದು ಅದಕ್ಕೆ ಹೆಸರಿಟ್ಟೆ. ಅದಕ್ಕೂ ಒಂದು ಪ್ರಶಸ್ತಿಪತ್ರ ಬಂತು. ಒಂದೇ ತಪ್ಪನ್ನು ಮಾಡಿದ್ದಕ್ಕೆ ಒಂದು, ಮುಚ್ಚಿದ್ದಕ್ಕೆ ಒಂದು. ಎರಡನ್ನೂ ನನ್ನ ಹೆಂಡತಿ ನಡುಮನೆಯ ಗೋಡೆಗೆ ಹಾಕಿದಳು, ಬಂದವರಿಗೆ ಕಾಣಲಿ ಎಂದು.

ಅದರ ಮುಂದಿನ ಸೋಮವಾರ ಅಯ್ನೋರು ಎಂದಿನಂತೆ ಬೇಗ ಬಂದರು. ಬಗ್ಗಿ ಕಿಂಡಿಯೊಳಗೆ ಕೈ ಹಾಕಿದರು. ಕೊಳವೆ ಸಿಕ್ಕಿತು. ಕೈ ಹೊರಗೆ ತೆಗೆದು ಒರೆಸಿಕೊಂಡು, “ಚೆನ್ನಾಗಿ ಕೂರ್ಸಿದೀರ ಸಾರ್,” ಎಂದರು. ಅವರಿಗೆ ಆ ವಿಭಾಗದಲ್ಲಿ ಉಳಿದಿದ್ದ ಒಂದೇ ಒಂದು ಕೆಲಸವನ್ನೂ ನಾನು ಕಿತ್ತುಕೊಂಡಿದ್ದೆ. ಅದು ನನಗೆ ಆಗ ಹೊಳೆಯಲಿಲ್ಲ. ಹೊಗಳಿದರು ಎಂದು ಖುಷಿಪಟ್ಟೆ.

ಆಮೇಲೂ ಸೋಮವಾರ ಅವರು ಬೇಗ ಬರುವುದನ್ನು ಬಿಡಲಿಲ್ಲ. ನೆಲದ ಮೇಲಿನ ಹಳದಿ ಗೆರೆಯ ಆಚೆ ಕೈ ಹಿಂದೆ ಕಟ್ಟಿಕೊಂಡು ನಿಂತು, ಯಂತ್ರ ಶುರುವಾಗಿ ಮೊದಲ ಬಾಟಲಿಗಳು ಸಾಲಾಗಿ ಹೊರಬರುವುದನ್ನು ನೋಡಿ ಯಾರ್ಡಿಗೆ ಹೋಗುತ್ತಿದ್ದರು. ಒಂದು ದಿನ ನಾನು, “ಏನ್ ಅಯ್ನೋರೇ, ಯಾರ್ಡಿಗೆ ದಾರಿ ಮರೆತುಹೋಯ್ತಾ?” ಎಂದು ತಮಾಷೆ ಮಾಡಿದ್ದೂ ಉಂಟು. ಮುಂದಿನ ತಿಂಗಳು ಮ್ಯಾನೇಜರಿಗೆ ಹೇಳೋಣ, ಈ ಲೆಕ್ಕಪರಿಶೋಧನೆ ಮುಗಿಯಲಿ, ದಸರಾ ಕಳೆಯಲಿ ಎನ್ನುತ್ತ ಎರಡು ವರ್ಷ ದೂಡಿದೆ. ಅವರು ಯಾರ್ಡಿನಿಂದಲೇ ನಿವೃತ್ತರಾದರು.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾನೇ ಭಾಷಣ ಮಾಡಿದೆ. ಹಿಂದಿನ ಕಾಲದವರ ಶ್ರದ್ಧೆ, ನಿಷ್ಠೆ ಎಂದೆಲ್ಲ ಹದಿನೈದು ನಿಮಿಷ ಹೇಳಿದೆ. ಹೇಳಬೇಕಾದದ್ದು ಒಂದೇ ವಾಕ್ಯ ಇತ್ತು, ಅದರ ಸುತ್ತಲೂ ಪ್ರದಕ್ಷಿಣೆ ಹಾಕಿ ಬಂದು ಕುಳಿತೆ. ಅವರು ಎದ್ದು ನಿಂತು, “ನನ್ನಿಂದ ಯಾರ್ಗಾದ್ರೂ ನೋವಾಗಿದ್ರೆ ಹೊಟ್ಟೆಗೆ ಹಾಕ್ಕಳಿ,” ಎಂದಷ್ಟೇ ಹೇಳಿ ಕೈ ಮುಗಿದರು. ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಅದಾಗಿ ಮೂರು ವರ್ಷ. ಕಳೆದ ತಿಂಗಳು ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಕೆಳಗೆ ಲಿಂಗೈಕ್ಯರಾದರು ಎಂದಿತ್ತು. ನೂರಾರು ಕೈಮುಗಿದ ಚಿತ್ರಗಳ ನಡುವೆ ನಾನೂ ಒಂದನ್ನು ಕಳಿಸಿದೆ. ವಾರ ಕಳೆದು ನಜರ್‌ಬಾದಿನ ಅವರ ಮನೆ ಹುಡುಕಿಕೊಂಡು ಹೋದೆ.

ಸಣ್ಣ ಮನೆ, ಕೆಂಪು ಗಾರೆಯ ನೆಲ. ಗೋಡೆಗೊರಗಿಸಿದ ಮಣೆಯ ಮೇಲೆ ಅವರ ಫೋಟೋ, ಹೂವು, ವಿಭೂತಿ. ಅವರ ಹೆಂಡತಿ ಬಾಗಿಲಿಗೆ ಬಂದರು. ಹೆಸರು ಹೇಳಿ, ಬಾಟಲಿ ವಿಭಾಗದ ಇಂಜಿನಿಯರ್ ಎಂದೆ.

“ಓ, ಸೋಮವಾರದ ಸಾಹೇಬ್ರಾ ನೀವು? ಬನ್ನಿ ಬನ್ನಿ,” ಎಂದರು.

ಯಾವ ಸೋಮವಾರ ಎಂದು ಕೇಳಿದೆ.

“ಸೋಮವಾರ ಬೇಗ ಬನ್ನಿ ಅಂತ ನೀವೇ ಅಲ್ವಾ ಹೇಳ್ತಿದ್ದಿದ್ದು? ನಾಕು ವರ್ಷ ನಿಮ್ ದೆಸೆಯಿಂದ ಐದ್ಗಂಟೆಗೆ ಎದ್ದು ರೊಟ್ಟಿ ತಟ್ಟಿದೀನಿ. ‘ಫಿಲ್ಲರ್ ಶುರು ಮಾಡಕ್ಕೆ ನಾನೇ ಇರ್ಬೇಕಂತೆ ಕಣೆ, ನಮ್ ಸಾಹೇಬ್ರು ಬ್ಯಾರೆ ಯಾರ್ನೂ ನಂಬಲ್ಲ’ ಅನ್ನೋರು. ಎಷ್ಟು ಜಂಬ ಆವಯ್ಯಂಗೆ!”

ಅವರು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳು ಒಳಗಿನಿಂದ ಕಾಫಿ ತಂದು ಮುಂದಿಟ್ಟಳು. ಹೌದಮ್ಮ, ನಾನೇ ಹೇಳುತ್ತಿದ್ದೆ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮೂರನೆಯ ಪ್ರಶಸ್ತಿಪತ್ರವೂ ಸಿಗುತ್ತಿತ್ತು. ಬಾಯಿ ತೆರೆದೂ ಇದ್ದೆ.

“ಇಲ್ಲಮ್ಮ,” ಎಂದೆ. “ನಾನು ಬರೋಕೆ ಹೇಳಿರಲಿಲ್ಲ.”

ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಸಭೆಯಲ್ಲಿ ನಾನು ಮಾಡಿದ ಹಾಸ್ಯ, ವರದಿಯ ಕೊನೆಯ ಸಾಲು, ಯಾರ್ಡು, ಅವರು ಎರಡು ವರ್ಷ ಕಾಪಾಡಿದ್ದು, ಗೊತ್ತಾದ ಮೇಲೂ ನಾನು ಬಾಯಿ ಬಿಡದಿದ್ದುದು, ಎಲ್ಲವನ್ನೂ ಹೇಳಿದೆ. ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಮುಗಿಸಿದ ಮೇಲೆ ಆಕೆಯ ತಾಯಿ ಕೇಳಿದರು.

“ಇದ್ನ ಅವ್ರಿಗೆ ಹೇಳಿದ್ರಾ?”

“ಇಲ್ಲಮ್ಮ.”

“ಒಂದ್ಸಲ್ವೂ ಹೇಳ್ಲಿಲ್ವಾ?”

“ಇಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿತ್ತು, ಮುಚ್ಚಿಡಲಿಲ್ಲ. ಆಮೇಲೆ ಮಣೆಯ ಕಡೆ ಕೈ ತೋರಿಸಿದರು.

“ಹೇಳ್ಬುಡಿ ಮತ್ತೆ. ಅಲ್ಲೇ ಕುಂತವ್ರಲ್ಲ.”

ಎದ್ದು ಹೋಗಿ ಫೋಟೋದ ಮುಂದೆ ನಿಂತೆ. ಊರೂರು ತಿರುಗಿ ಭಾಷಣ ಮಾಡಿದವನಿಗೆ ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

“ಅಯ್ನೋರೇ, ನೀವು ಹೇಳಿದ್ದೇ ಸರಿ,” ಎಂದೆ. “ತಪ್ಪು ನಂದು.”

ಅಷ್ಟೇ ಇದ್ದದ್ದು. ಹೇಳಲು ಒಂದು ಉಸಿರೂ ಬೇಕಾಗಲಿಲ್ಲ. ಮಗಳು ತಲೆ ತಗ್ಗಿಸಿದಳು. ಅವರ ಹೆಂಡತಿ ನನ್ನ ಪಕ್ಕಕ್ಕೆ ಬಂದು, ಹಾರದಿಂದ ಜಾರಿದ್ದ ಹೂವೊಂದನ್ನು ಸರಿಪಡಿಸಿ, ನಿತ್ಯ ಗಂಡನ ಜೊತೆ ಮಾತಾಡುವ ಧಾಟಿಯಲ್ಲೇ ಕೇಳಿದರು.

“ಕೇಳಿಸ್ತಾ ರೀ?”